ಎಂಜಿನಿನ ಬೋರು, ಸ್ಟ್ರೋಕು: ಘಾಟಿ ಹತ್ತುವ ಜೀಪೂ ಪಂದ್ಯಕ್ಕೆ ಓಡುವ ಕಾರೂ

ಬೋರು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕೊಳವಳ್ಳಿ ಕಡೆಯ ರೈತನಿಗೆ ಕೊಳವೆ ಬಾವಿಯ ನೆನಪಾಗುತ್ತದೆ. ಕಬಿನಿ ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ಮುಳ್ಳನ್‌ಕೊಲ್ಲಿ, ಪುಲ್ಪಳ್ಳಿ ಸೀಮೆಯ ಬೇಸಗೆ ಎಂಥದೆಂದು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ಬೇರೆ ಬೋರಿನ ವಿಚಾರ. ಜೀಪೋ ಬೈಕೋ ಹೊಗೆಯುಗುಳತೊಡಗಿದಾಗ ವರ್ಕ್‌ಷಾಪಿನವರು "ಬೋರು ಮಾಡಿಸಬೇಕು" ಎನ್ನುತ್ತಾರಲ್ಲ, ಆ ಬೋರು. ಅದರ ಜೊತೆಯಲ್ಲೇ ಸ್ಟ್ರೋಕು ಎಂಬ ಇನ್ನೊಂದು ಮಾತೂ ಬರುತ್ತದೆ. ಇವೆರಡರ ಬಗ್ಗೆ ನಮ್ಮವರಲ್ಲಿ ಎರಡು ನಂಬಿಕೆಗಳು ಬಲವಾಗಿ ಬೇರೂರಿವೆ. ಉದ್ದ ಸ್ಟ್ರೋಕಿನ ಎಂಜಿನಿಗೆ ಎಳೆತ ಜಾಸ್ತಿ ಎಂಬುದು ಒಂದು. ಬೋರು ದೊಡ್ಡದು ಮಾಡಿಸಿದರೆ ಗಾಡಿಗೆ ಶಕ್ತಿ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನಂಬಿದರೆ ಮೆಣಸು ಮಾರಿದ ಹಣ ವರ್ಕ್‌ಷಾಪಿಗೆ ಹೋಗುವುದಷ್ಟೇ ಉಳಿಯುತ್ತದೆ. ಆದುದರಿಂದ ವಿಷಯವನ್ನು ಬುಡದಿಂದಲೇ ನೋಡುವುದು ಒಳ್ಳೆಯದು.

ಸಿಲಿಂಡರಿನ ಒಳಬಾಯಿಯ ಅಗಲವೇ ಬೋರು. ಅದರೊಳಗೆ ಪಿಸ್ಟನ್ನು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಸರಿಯುವ ದೂರವೇ ಸ್ಟ್ರೋಕು. ಒರಳಿನ ಬಾಯಗಲ ಬೋರಾದರೆ ಒನಕೆ ಏರಿಳಿಯುವ ದೂರ ಸ್ಟ್ರೋಕು ಎನ್ನಬಹುದು. ಟೂ ಸ್ಟ್ರೋಕು, ಫೋರ್ ಸ್ಟ್ರೋಕು ಎನ್ನುವಾಗಿನ ಸ್ಟ್ರೋಕು ಈ ಅಳತೆಯಲ್ಲ. ಒಂದು ಸಲದ ಸಿಡಿತಕ್ಕೆ ಪಿಸ್ಟನ್ನು ಎಷ್ಟು ಬಾರಿ ಸರಿಯಬೇಕೆಂಬ ಲೆಕ್ಕ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ 250 ಬೈಕು ಟೂ ಸ್ಟ್ರೋಕಿನದು, ಆದರೆ ಅದರ ಸ್ಟ್ರೋಕಿನ ಅಳತೆ 75 ಮಿಲಿಮೀಟರು, ಬೋರು 65. ಹೊಳೆಯ ಆಚೆ ದಡದ ಹಳೆಯ ಬೈಕು ಪ್ರಿಯರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುವುದನ್ನು ಕೇಳಿದ್ದೇನೆ.

ಒಂದೇ ಸೇರಿನ ಎರಡು ಪಾತ್ರೆ

ಶಾಲೆಯಲ್ಲಿ ಹುಡುಗರಿಗೆ ಇದನ್ನು ಹೇಳುವಾಗ ಒಂದು ಅಗಲ ಬಾಯಿಯ ಗಿಡ್ಡ ಪಾತ್ರೆ, ಒಂದು ಕಿರಿದಾದ ಎತ್ತರದ ಪಾತ್ರೆ ಇಡುತ್ತೇನೆ. ಎರಡಕ್ಕೂ ಹಿಡಿಯುವುದು ಒಂದೇ ಸೇರು. ಎಂಜಿನುಗಳೂ ಹೀಗೆಯೇ. ಸಿ.ಸಿ. ಎಂದು ಆರ್.ಸಿ. ಪುಸ್ತಕದಲ್ಲಿ ಬರೆದಿರುವುದು ಸಿಲಿಂಡರುಗಳೆಲ್ಲ ಸೇರಿ ಎಷ್ಟು ಹಿಡಿಯುತ್ತವೆ ಎಂಬ ಅಳತೆ. ಅದನ್ನು ಅಗಲದಿಂದಲೂ ತುಂಬಿಸಬಹುದು, ಉದ್ದದಿಂದಲೂ ತುಂಬಿಸಬಹುದು. ಹಳೆಯ ವಿಲ್ಲಿಸ್ ಪೆಟ್ರೋಲು ಜೀಪಿನ ಬೋರು 79.4 ಮಿಲಿಮೀಟರು, ಸ್ಟ್ರೋಕು 111.1, ಎತ್ತರದ ಪಾತ್ರೆಯ ಜಾತಿ. ಬೆಂಗಳೂರಿನ ಬಳಿಯ ಬಿಡದಿಯಲ್ಲಿ 2000ದಿಂದ 2005ರ ವರೆಗೆ ತಯಾರಾದ ಕ್ವಾಲಿಸ್ ಡೀಸೆಲ್ ಗಾಡಿಯ ಬೋರೂ 92, ಸ್ಟ್ರೋಕೂ 92. ಬೋರು ಸ್ಟ್ರೋಕಿಗಿಂತ ದೊಡ್ಡದಾದವು ಮೂರನೆಯ ಜಾತಿ. ವೇಗದ ಕಾರುಗಳು ಬಹುಮಟ್ಟಿಗೆ ಈ ಜಾತಿಗೆ ಸೇರಿದವು.

ಈಗ ಎಳೆತದ ಮಾತು. ಬೀಸುವ ಕಲ್ಲಿನ ಗೂಟ ನಡುವಿನಿಂದ ದೂರವಿದ್ದಷ್ಟೂ ಕಲ್ಲು ಹಗುರವಾಗಿ ತಿರುಗುತ್ತದೆಂದು ನಮ್ಮ ಮನೆಯ ಹೆಂಗಸರೆಲ್ಲ ಬಲ್ಲರು. ಎಂಜಿನಿನಲ್ಲಿ ಆ ಕಲ್ಲಿನ ಕೆಲಸ ಮಾಡುವುದು ಕ್ರ್ಯಾಂಕು. ನಡುವಿನಿಂದ ಅದರ ಗೂಟಕ್ಕಿರುವ ದೂರ ಸ್ಟ್ರೋಕಿನ ಸರಿಯಾಗಿ ಅರ್ಧ. ಉದ್ದ ಸ್ಟ್ರೋಕೆಂದರೆ ಉದ್ದ ಹಿಡಿ. ಆದುದರಿಂದ ಎಳೆತ ಜಾಸ್ತಿ ಎಂದು ವಾದಿಸುತ್ತಾರೆ. ಕೇಳುವುದಕ್ಕೆ ಸರಿಯೇ. ಆದರೆ ಗೂಟವನ್ನು ಹಿಡಿದು ನೂಕುವ ಕೈಯನ್ನು ಇಲ್ಲಿ ಮರೆತಂತಾಯಿತು. ಸಿಡಿದ ಅನಿಲ ಪಿಸ್ಟನ್ನಿನ ತಲೆಯ ಪ್ರತಿ ಅಂಗುಲವನ್ನೂ ಅದುಮುತ್ತದೆ. ತಲೆ ಅಗಲವಾದಷ್ಟೂ ನೂಕುವ ಬಲ ಹೆಚ್ಚು. ಸ್ಟ್ರೋಕನ್ನು ಅರ್ಧಕ್ಕೆ ಇಳಿಸಿ ಅದೇ ಸಿ.ಸಿ. ಉಳಿಸಿಕೊಳ್ಳಬೇಕಾದರೆ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಎರಡರಷ್ಟಾಗಬೇಕು. ಹಿಡಿ ಅರ್ಧವಾಯಿತು, ನೂಕುವ ಬಲ ಎರಡು ಪಟ್ಟಾಯಿತು. ಗುಣಿಸಿದರೆ ಮೊದಲಿದ್ದಷ್ಟೇ. ಅಂದರೆ ಒಳಗಿನ ಒತ್ತಡ ಒಂದೇ ಆಗಿದ್ದರೆ ಕ್ರ್ಯಾಂಕನ್ನು ತಿರುಗಿಸುವ ಬಲವನ್ನು ನಿರ್ಣಯಿಸುವುದು ಎಂಜಿನಿನ ಸಿ.ಸಿ.ಯೇ ಹೊರತು ಸ್ಟ್ರೋಕಿನ ಉದ್ದವಲ್ಲ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕಾದರೆ ಎರಡು ಬೈಕುಗಳನ್ನು ಹೋಲಿಸಿ ನೋಡಿ. ಕೆಲವು ವರ್ಷಗಳ ಹಿಂದಿನ ತನಕ ಬಂದ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ ಬೋರು 70, ಸ್ಟ್ರೋಕು 90, ಒಟ್ಟು 346 ಸಿ.ಸಿ. ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ತಯಾರಾಗಿ 2017ರ ಕೊನೆಗೆ ಮಾರಾಟಕ್ಕೆ ಬಂದ ಟಿ.ವಿ.ಎಸ್. ಅಪಾಚೆ ಆರ್.ಆರ್. 310ಕ್ಕೆ ಬೋರು 80, ಸ್ಟ್ರೋಕು ಬರೇ 62.1, ಒಟ್ಟು 312 ಸಿ.ಸಿ. ತಿರುಗಿಸುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಎನ್‌ಫೀಲ್ಡಿನದು ಹೆಚ್ಚೆಂದರೆ 28, ಅಪಾಚೆಯದು 27.3. ಸ್ಟ್ರೋಕು ಇಪ್ಪತ್ತೆಂಟು ಮಿಲಿಮೀಟರು ಗಿಡ್ಡವಾದರೂ ಬಲ ಹೆಚ್ಚುಕಡಿಮೆ ಸಮ! ವ್ಯತ್ಯಾಸವಿರುವುದು ಬೇರೆ ಕಡೆ. ಎನ್‌ಫೀಲ್ಡು ಆ ಬಲವನ್ನು ನಿಮಿಷಕ್ಕೆ 4,000 ಸುತ್ತಿನಲ್ಲಿ ಕೊಡುತ್ತದೆ, ಅಪಾಚೆ 7,700 ಸುತ್ತಿಗೆ ಏರಿದ ಮೇಲೆ. ಅಶ್ವಶಕ್ತಿ ಎಂಬುದು ಬಲವನ್ನೂ ಸುತ್ತನ್ನೂ ಗುಣಿಸಿದಾಗ ಬರುವ ಲೆಕ್ಕ. ಆದ್ದರಿಂದಲೇ ಹಳೆಯದಕ್ಕೆ ಸುಮಾರು 20 ಅಶ್ವಶಕ್ತಿಯಾದರೆ ಹೊಸೂರಿನದಕ್ಕೆ 34.

ಪಂದ್ಯದ ಕಾರಿನ ಗುಟ್ಟು

ವೇಗದ ಕಾರು ಮಾಡುವವರು ಹಿಡಿದಿರುವ ದಾರಿ ಇದೇ. ಬಲವನ್ನು ಹೆಚ್ಚಿಸುವುದು ಕಷ್ಟ. ಸುತ್ತನ್ನು ಹೆಚ್ಚಿಸಿದರೆ ಶಕ್ತಿ ತಾನಾಗಿಯೇ ಏರುತ್ತದೆ. ಆದರೆ ಸುತ್ತು ಹೆಚ್ಚಿಸುವುದಕ್ಕೆ ಎರಡು ಅಡ್ಡಿಗಳಿವೆ.

ಒಂದನೆಯದು ಪಿಸ್ಟನ್ನಿನ ಓಟ. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಕೆಳಗಿಳಿದು ಒಮ್ಮೆ ಮೇಲೇರುತ್ತದೆ, ಅಂದರೆ ಸ್ಟ್ರೋಕಿನ ಎರಡರಷ್ಟು ದೂರ. ವಿಲ್ಲಿಸ್ ಜೀಪು 4,000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರಿನ ಹತ್ತಿರ ಬರುತ್ತದೆ. ಅದು ಒಂದೇ ಸಮನೆ ಓಡುವ ಓಟವೂ ಅಲ್ಲ. ಪ್ರತಿ ತುದಿಯಲ್ಲೂ ನಿಂತು, ಹಿಂದಿರುಗಿ, ಮತ್ತೆ ಓಡಬೇಕು. ಉಳುವ ಎತ್ತುಗಳನ್ನು ಸಾಲಿನ ಕೊನೆಯಲ್ಲಿ ತಿರುಗಿಸುವಾಗ ನೊಗಕ್ಕೂ ಕಣ್ಣಿಗೂ ಬೀಳುವ ಜಗ್ಗಾಟವನ್ನು ನೆನೆಯಿರಿ. ಇಲ್ಲಿ ಆ ಜಗ್ಗಾಟ ಬೀಳುವುದು ಕನೆಕ್ಟಿಂಗ್ ರಾಡಿಗೆ. ಸುತ್ತು ಎರಡರಷ್ಟಾದರೆ ಜಗ್ಗುವ ಬಲ ನಾಲ್ಕರಷ್ಟಾಗುತ್ತದೆ. ಸ್ಟ್ರೋಕು ಗಿಡ್ಡವಾದರೆ ಓಡುವ ದೂರವೇ ಕಡಿಮೆಯಾಗುವುದರಿಂದ ರಾಡು ತಡೆದುಕೊಳ್ಳುತ್ತದೆ.

ಎರಡನೆಯ ಅಡ್ಡಿ ಉಸಿರಾಟ. ಸುತ್ತು ಹೆಚ್ಚಿದಷ್ಟೂ ಗಾಳಿ ಒಳಗೆ ಬರುವುದಕ್ಕೆ ಸಿಗುವ ಸಮಯ ಕಡಿಮೆ. ಬಾಗಿಲು ಕಿರಿದಾದರೆ ಸಿಲಿಂಡರು ಅರ್ಧಹೊಟ್ಟೆಯಲ್ಲೇ ಕೆಲಸ ಮಾಡಬೇಕಾಗುತ್ತದೆ. ಬೋರು ಅಗಲವಾದರೆ ಮೇಲೆ ದೊಡ್ಡ ವಾಲ್ವುಗಳನ್ನು, ಎರಡರ ಬದಲು ನಾಲ್ಕು ವಾಲ್ವುಗಳನ್ನು ಇಡಲು ಜಾಗ ದೊರೆಯುತ್ತದೆ. ಹೀಗೆ ಅಗಲ ಬೋರು, ಗಿಡ್ಡ ಸ್ಟ್ರೋಕು ಎರಡೂ ಸೇರಿ ಎಂಜಿನಿಗೆ ಓಡುವ ಶಕ್ತಿ ಕೊಡುತ್ತವೆ.

ಇದರ ಪರಮಾವಧಿಯನ್ನು ನಮ್ಮ ದೇಶದಲ್ಲೇ ನೋಡಿದವರಿದ್ದಾರೆ. 2011ರಿಂದ 2013ರ ವರೆಗೆ ದಿಲ್ಲಿಯ ಸಮೀಪದ ಗ್ರೇಟರ್ ನೋಯ್ಡಾದಲ್ಲಿ ವರ್ಷಕ್ಕೊಮ್ಮೆ ಫಾರ್ಮುಲಾ ಒನ್ ಪಂದ್ಯ ನಡೆಯಿತು. ಮೊದಲ ಎರಡು ವರ್ಷ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅದರಲ್ಲಿ ಕಾರು ಓಡಿಸಿದರು. ಆಗಿನ ಕಾರಿಗೆ ಎಂಟು ಸಿಲಿಂಡರು, ಒಟ್ಟು 2,400 ಸಿ.ಸಿ. ಬೋರು 98 ಮಿಲಿಮೀಟರನ್ನು ಮೀರಕೂಡದೆಂದು ನಿಯಮವಿತ್ತು. ಆ 98ನ್ನು ಹಿಡಿದರೆ ಸ್ಟ್ರೋಕು ನಾಲ್ಕು ಸೆಂಟಿಮೀಟರಿಗೂ ತುಸು ಕಡಿಮೆ ಬರುತ್ತದೆ. ಒಂದು ಸಿಲಿಂಡರಿಗೆ 300 ಸಿ.ಸಿ. ಎಂದಾಯಿತು. ನಮ್ಮ ಎನ್‌ಫೀಲ್ಡಿನ ಒಂಟಿ ಸಿಲಿಂಡರಿಗಿಂತಲೂ ಅದು ಚಿಕ್ಕದು! ಆದರೂ ಇಡೀ ಎಂಜಿನಿನ ಶಕ್ತಿ ಸುಮಾರು 750 ಅಶ್ವಶಕ್ತಿ. ಸಿಲಿಂಡರೊಂದಕ್ಕೆ ತೊಂಬತ್ತನ್ನು ಮೀರಿತು. ಕಾರಣ, ಅದು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿತ್ತು. ಒಂದು ಸಲ ಗಾಳಿ ಎಳೆದುಕೊಳ್ಳಲು ಸೆಕೆಂಡಿನ ಆರುನೂರರಲ್ಲಿ ಒಂದು ಪಾಲಿನಷ್ಟು ಹೊತ್ತು. ಇಷ್ಟಾದರೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರು ಮಾತ್ರ. ಜೀಪಿನ 111 ಮಿಲಿಮೀಟರು ಸ್ಟ್ರೋಕನ್ನು ಹಿಡಿದು ಅಷ್ಟು ಸುತ್ತು ತಿರುಗಿಸಹೋದರೆ ಅದು 67 ಮೀಟರಿಗೆ ಏರುತ್ತಿತ್ತು. ಏರುವ ಮೊದಲೇ ರಾಡು ಮುರಿದು ಬ್ಲಾಕನ್ನು ಸೀಳಿ ಹೊರಬಂದಿರುತ್ತಿತ್ತು ಎನ್ನಿ.

ಈ ಎಂಜಿನಿನ ಆಯುಸ್ಸನ್ನೂ ಹೇಳಿಬಿಡಬೇಕು. 2011ರಲ್ಲಿ ಇದ್ದ ಪಂದ್ಯಗಳು ಹತ್ತೊಂಬತ್ತು. ಅಷ್ಟಕ್ಕೆ ಒಬ್ಬ ಚಾಲಕನಿಗೆ ಎಂಟು ಎಂಜಿನು ಬಳಸಲು ಅವಕಾಶ. ಇತ್ತ ನೀರೆತ್ತುವುದಕ್ಕೆ ನಮ್ಮವರು ಬಳಸುವ ಹಳೆಯ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನನ್ನು ನೋಡಿ. ಬೋರು 114.3, ಸ್ಟ್ರೋಕು 139.7, ಒಂದೇ ಸಿಲಿಂಡರು, ನಿಮಿಷಕ್ಕೆ 650 ಸುತ್ತು, ಆರೇ ಅಶ್ವಶಕ್ತಿ. ಪಿಸ್ಟನ್ನಿನ ವೇಗ ಸೆಕೆಂಡಿಗೆ ಮೂರು ಮೀಟರು. ಅಜ್ಜ ಇಟ್ಟ ಎಂಜಿನನ್ನು ಮೊಮ್ಮಗ ಓಡಿಸುವುದು ಇದರಿಂದಲೇ ಸಾಧ್ಯ.

ಒಂದು ವೇಳೆ ಅಗಲ ಬೋರು ಅಷ್ಟು ಒಳ್ಳೆಯದಾದರೆ ಹಿಂದಿನವರು ಯಾಕೆ ಉದ್ದ ಸ್ಟ್ರೋಕಿಗೇ ಅಂಟಿಕೊಂಡರು ಎಂದು ಕೇಳಬಹುದು. ಇದರಲ್ಲಿ ಸರ್ಕಾರದ ಕೈವಾಡವೂ ಉಂಟು. ಬ್ರಿಟನ್ನಿನಲ್ಲಿ 1921ರಿಂದ 1947ರ ತನಕ ಕಾರಿನ ತೆರಿಗೆಯನ್ನು ಅಶ್ವಶಕ್ತಿಗೆ ಇಷ್ಟೆಂದು ಹಾಕುತ್ತಿದ್ದರು. ಆದರೆ ಆ ಅಶ್ವಶಕ್ತಿಯನ್ನು ಅಳೆದು ನೋಡುತ್ತಿರಲಿಲ್ಲ, ಬರೇ ಬೋರಿನಿಂದಲೂ ಸಿಲಿಂಡರುಗಳ ಎಣಿಕೆಯಿಂದಲೂ ಲೆಕ್ಕ ಕಟ್ಟುತ್ತಿದ್ದರು. ಸ್ಟ್ರೋಕು ಆ ಲೆಕ್ಕದಲ್ಲೇ ಇಲ್ಲ! ಬಾಗಿಲಿನ ಅಗಲ ನೋಡಿ ಮನೆಗಂದಾಯ ಹಾಕಿದ ಹಾಗೆ. ಕಾರು ಮಾಡುವವರು ಬುದ್ಧಿವಂತರು. ಬೋರು ಕಿರಿದು ಮಾಡಿ ಸ್ಟ್ರೋಕನ್ನು ಉದ್ದಕ್ಕೆ ಎಳೆದರು. ತೆರಿಗೆ ಹೋದರೂ ಅಭ್ಯಾಸ ಬೇಗನೆ ಹೋಗಲಿಲ್ಲ. ನಮ್ಮ ಅಂಬಾಸಿಡರ್ ಕಾರಿಗೆ ಬಹುಕಾಲ ಇದ್ದ 1,489 ಸಿ.ಸಿ. ಎಂಜಿನು ಬ್ರಿಟನ್ನಿನದು. ಅದರ ಬೋರು 73, ಸ್ಟ್ರೋಕು 88.9.

ಹಾಗೆಂದು ಉದ್ದ ಸ್ಟ್ರೋಕು ಹಳೆಯ ಕಾಲದ ದಡ್ಡತನವೆಂದು ತಿಳಿಯಬಾರದು. ಅಗಲ ಬೋರಿನ ಒಲೆ ಚಪ್ಪಟೆ. ಕಿಡಿ ಹತ್ತಿದ ಜಾಗದಿಂದ ಬೆಂಕಿ ಅಂಚಿನ ತನಕ ಹರಿಯಲು ದೂರ ಹೆಚ್ಚು. ಗೋಡೆ, ಮುಚ್ಚಳಗಳ ಮೂಲಕ ಸೋರಿಹೋಗುವ ಕಾವೂ ಹೆಚ್ಚು. ಸೋರಿದ ಕಾವೆಂದರೆ ಸೋರಿದ ಪೆಟ್ರೋಲು. ಎಣ್ಣೆಯ ಬೆಲೆ ನೋಡಿ ಖರ್ಚು ಮಾಡಬೇಕಾದ ಕಾಲ ಬಂದಾಗ ಎಂಜಿನಿಯರುಗಳು ಮತ್ತೆ ಎತ್ತರದ ಪಾತ್ರೆಯ ಕಡೆಗೆ ತಿರುಗಿದ್ದಾರೆ. ಕ್ವಾಲಿಸ್ ಮಾಡಿದ ಅದೇ ಬಿಡದಿಯಿಂದ 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್ ಪೆಟ್ರೋಲು ಗಾಡಿಗೆ ಬೋರು 80.5, ಸ್ಟ್ರೋಕು 97.6. ಪಂದ್ಯದವರ ಮೇಲೂ ಉಳಿತಾಯದ ಕಟ್ಟುಪಾಡು ಬಿತ್ತು. 2014ರಿಂದ ಫಾರ್ಮುಲಾ ಒನ್ ಎಂಜಿನಿಗೆ ಪೆಟ್ರೋಲಿನ ಮಿತಿ ಹಾಕಿದಾಗ ಬೋರನ್ನು 80ಕ್ಕೆ ಇಳಿಸಿದರು, ಸ್ಟ್ರೋಕು 53ಕ್ಕೆ ಏರಿತು.

ನಮ್ಮ ಜೀಪಿನ ಎಳೆತ

ಇಷ್ಟು ತಿಳಿದ ಮೇಲೆ ಘಾಟಿಯ ವಿಷಯಕ್ಕೆ ಬರೋಣ. ಕೋಳಿಕ್ಕೋಡಿನಿಂದ ಲಕ್ಕಿಡಿಗೆ ಏರುವ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ತಿರುವುಗಳಿವೆ. ಹೊರೆ ತುಂಬಿದ ಜೀಪು ಪ್ರತಿ ತಿರುವಿನಲ್ಲೂ ನಿಧಾನಿಸಿ ಮತ್ತೆ ಎತ್ತಿಕೊಳ್ಳಬೇಕು. ಅಲ್ಲಿ ಬೇಕಾದುದು 7,000 ಸುತ್ತಿನಲ್ಲಿ ಬರುವ ಬಲವಲ್ಲ, 1,500 ಸುತ್ತಿನಲ್ಲಿ ಬರುವ ಬಲ. ಕಿರಿದಾದ ಬೋರಿಗೆ ಚಿಕ್ಕ ವಾಲ್ವುಗಳು. ನಿಧಾನ ಸುತ್ತಿನಲ್ಲೂ ಗಾಳಿ ಅವುಗಳ ಮೂಲಕ ಬಿರುಸಾಗಿ ನುಗ್ಗಿ ಸಿಲಿಂಡರು ಚೆನ್ನಾಗಿ ತುಂಬುತ್ತದೆ. ಹೇಗೂ ಉದ್ದ ಸ್ಟ್ರೋಕಿನ ಎಂಜಿನು ಬಹಳ ಸುತ್ತು ತಿರುಗಲಾರದೆಂದು ಅದರ ವಾಲ್ವು ತೆರೆಯುವ ಹೊತ್ತನ್ನೂ, ಫ್ಲೈವೀಲಿನ ತೂಕವನ್ನೂ ನಿಧಾನದ ಕೆಲಸಕ್ಕೆ ಒಪ್ಪುವಂತೆ ಮಾಡಿರುತ್ತಾರೆ. ಎಳೆತ ಬರುವುದು ಹೀಗೆ. ಸ್ಟ್ರೋಕಿನ ಹೆಸರು ಮಾತ್ರ ದೊಡ್ಡದಾಯಿತು. ಅರ್ಧ ನಿಜವೆಂದದ್ದು ಇದಕ್ಕೇ.

ಜೀಪುಗಳ ಬಗ್ಗೆ ನಮ್ಮಲ್ಲಿ ನಡೆಯುವ ಜಗಳವೂ ಇದರಿಂದ ಬಗೆಹರಿಯಬಹುದು. ಮಹೀಂದ್ರದ ಎಂ.ಎಂ. 540 ಜೀಪಿಗೆ ಬಂದ ಪ್ಯೂಜೋ ಡೀಸೆಲ್ ಎಂಜಿನಿನ ಬೋರು 90, ಸ್ಟ್ರೋಕು 83, ಒಟ್ಟು 2,112 ಸಿ.ಸಿ. ನಮ್ಮವರು ಡಿ.ಐ. ಎನ್ನುವ ಇನ್ನೊಂದು ಎಂಜಿನಿಗೆ ಬೋರು 88.9, ಸ್ಟ್ರೋಕು 101.6, ಒಟ್ಟು 2,523 ಸಿ.ಸಿ. ಪ್ಯೂಜೋ ಹಾರಾಡಿಕೊಂಡು ಓಡುತ್ತದೆ, ಡಿ.ಐ. ಹೊರೆ ಹೊತ್ತು ಏರುತ್ತದೆ ಎಂಬುದು ಓಡಿಸಿದವರ ಅನುಭವ. ಆದರೆ ಕೀರ್ತಿಯನ್ನೆಲ್ಲ ಸ್ಟ್ರೋಕಿಗೆ ಕೊಡುವುದು ನ್ಯಾಯವಲ್ಲ. ಡಿ.ಐ. ಎಂಜಿನಿನ ಸಿ.ಸಿ.ಯೇ ಐದರಲ್ಲೊಂದು ಪಾಲು ಹೆಚ್ಚು. ಮೇಲಾಗಿ ಅದರಲ್ಲಿ ಡೀಸೆಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುತ್ತಾರೆ. ಪ್ಯೂಜೋದಲ್ಲಿ ಪಕ್ಕದ ಚಿಕ್ಕ ಕೋಣೆಗೆ ಚಿಮ್ಮಿಸಿ ಅಲ್ಲಿಂದ ಬೆಂಕಿ ಹರಿಯುವ ಏರ್ಪಾಡು. ಹಳೆಯ ಜೀಪು ಕೊಳ್ಳುವವರು ಹೊರೆಗೆ ಡಿ.ಐ.ಯನ್ನೇ ನೋಡುವುದು ಸರಿ. ಬತ್ತೇರಿಗೆ ಓಡಾಡಲು ಮಾತ್ರವಾದರೆ ಪ್ಯೂಜೋ ಸಾಕು.

ಬೋರು ಮಾಡಿಸುವ ಮುನ್ನ

ಕೊನೆಗೆ ಆ ಎರಡನೆಯ ನಂಬಿಕೆ. "ಅಣ್ಣಾ, ಹೇಗೂ ಬಿಚ್ಚಿದ್ದೀಯಲ್ಲ, ಒಂದು ಎಂ.ಎಂ. ದೊಡ್ಡದು ಮಾಡಿಬಿಡು, ಗಾಡಿ ಹಾರಬೇಕು" ಎನ್ನುವ ಹುಡುಗರಿದ್ದಾರೆ. ಲೆಕ್ಕ ಹಾಕಿ ನೋಡೋಣ. 70 ಮಿಲಿಮೀಟರಿನ ಬೋರನ್ನು ಅರ್ಧ ಮಿಲಿಮೀಟರು ಹಿಗ್ಗಿಸಿದರೆ 346 ಸಿ.ಸಿ. ಹೋಗಿ 351 ಆಗುತ್ತದೆ. ಐದು ಸಿ.ಸಿ., ಅಂದರೆ ಒಂದು ಚಮಚ! ನೂರಕ್ಕೆ ಒಂದೂವರೆಯೂ ಇಲ್ಲ. ಬೋರು ಮಾಡಿಸಿದ ಮೇಲೆ ಗಾಡಿ ಚುರುಕಾಗುವುದು ನಿಜ, ಆದರೆ ಅದು ಸವೆದ ಗೋಡೆ ದುಂಡಗಾಗಿ ರಿಂಗುಗಳು ಸರಿಯಾಗಿ ಕೂತು ಸೋರಿಕೆ ನಿಂತದ್ದರಿಂದ. ಕಳೆದುಕೊಂಡದ್ದು ಮರಳಿ ಬಂದಿತು, ಹೊಸದಾಗಿ ಗಳಿಸಿದ್ದೇನಿಲ್ಲ. ಸ್ಟ್ರೋಕನ್ನಂತೂ ಕ್ರ್ಯಾಂಕು ಬದಲಿಸದೆ ಹೆಚ್ಚಿಸಲಾಗುವುದಿಲ್ಲ.

ಓವರ್‌ಸೈಜು ಪಿಸ್ಟನ್ನುಗಳು ಕಾಲು, ಅರ್ಧ, ಮುಕ್ಕಾಲು, ಒಂದು ಮಿಲಿಮೀಟರು ಎಂದು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಕಾಲು ಮಿಲಿಮೀಟರಿಗೆ ಗೋಡೆ ಶುದ್ಧವಾಗುವುದಾದರೆ ಅಷ್ಟಕ್ಕೇ ನಿಲ್ಲಿಸಬೇಕು. ಒಂದೇ ಸಲಕ್ಕೆ ಕೊನೆಯ ಮೆಟ್ಟಿಲಿಗೆ ಹಾರಿದರೆ ಮುಂದಿನ ಮೂರು ಸಲದ ಆಯುಸ್ಸು ಆ ದಿನವೇ ಚೂರಾಗಿ ಲೇತಿನ ಕೆಳಗೆ ಬಿದ್ದಂತೆ. ಪಿಸ್ಟನ್ನನ್ನು ಮೊದಲು ಕೊಂಡು ಕೈಗೆ ಕೊಟ್ಟು, ಅದರ ಅಳತೆಗೆ ಬೋರು ಮಾಡಿಸುವುದು ಕ್ರಮ. ಬೋರು ಮಾಡಿಸಿ ಆಮೇಲೆ ಪಿಸ್ಟನ್ನು ಹುಡುಕುವುದಲ್ಲ. ಬೋರನ್ನು ಬಹಳ ಹಿಗ್ಗಿಸುವ ಬೇರೆ ಕಿಟ್ಟುಗಳನ್ನು ಹಾಕಿಸಿ ಸಿ.ಸಿ. ಬದಲಾಯಿಸುವುದಂತೂ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿಗೆ ವಿರುದ್ಧ. ಆರ್.ಸಿ.ಯಲ್ಲಿರುವ ಅಳತೆಗೂ ಗಾಡಿಗೂ ತಾಳೆಯಾಗದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕು.

ಬೋರು ನಿಜವಾಗಿ ಸವೆದಿದೆಯೇ ಎಂದು ಬಿಚ್ಚುವ ಮೊದಲೇ ತಿಳಿಯಬಹುದು. ಪೆಟ್ರೋಲು ಎಂಜಿನಾದರೆ ಕಂಪ್ರೆಷನ್ ಗೇಜಿನಲ್ಲಿ ಒತ್ತಡ ನೋಡಿಸಿ, ಆಮೇಲೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲು ಬಿಟ್ಟು ಮತ್ತೆ ನೋಡಿಸಿ. ಎರಡನೆಯ ಸಲ ಒತ್ತಡ ಚೆನ್ನಾಗಿ ಏರಿದರೆ ಸೋರುತ್ತಿರುವುದು ರಿಂಗು, ಬೋರುಗಳ ನಡುವೆ. ಏರದಿದ್ದರೆ ತಪ್ಪು ಬಹುಶಃ ವಾಲ್ವಿನದು. ಬೋರಿನ ಖರ್ಚು ಉಳಿಯಿತು. ನೀಲಿ ಹೊಗೆ, ಆಯಿಲು ಬೇಗ ಇಳಿಯುವುದು, ಬ್ರೀದರು ಕೊಳವೆಯಿಂದ ಬುಸುಬುಸು ಹೊಗೆ ಬರುವುದು, ಇವು ಸವೆತದ ಗುರುತುಗಳು.

ಸವೆತಕ್ಕೆ ನಮ್ಮ ಕಡೆ ಮುಖ್ಯ ಕಾರಣ ಧೂಳು. ಆಚೆ ಎಚ್.ಡಿ. ಕೋಟೆ, ಗುಂಡ್ಲುಪೇಟೆಯ ಶುಂಠಿ ಹೊಲಗಳಿಗೆ ಬೇಸಗೆಯಲ್ಲಿ ಹೋಗಿಬರುವ ಜೀಪಿನ ಏರ್ ಫಿಲ್ಟರನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ. ಆಯಿಲು ತುಂಬಿದ ಬಟ್ಟಲಿನ ಫಿಲ್ಟರಾದರೆ ತಳದಲ್ಲಿ ಕೆಸರು ಕೂತಿರುತ್ತದೆ. ಅದನ್ನು ಚೆಲ್ಲಿ, ಬಟ್ಟಲನ್ನು ಡೀಸೆಲಿನಲ್ಲಿ ತೊಳೆದು ಒರೆಸಿ, ಗುರುತಿನ ಗೆರೆಯ ತನಕ ಮಾತ್ರ ಹೊಸ ಆಯಿಲು ತುಂಬಬೇಕು. ಗೆರೆ ಮೀರಿ ತುಂಬಿದರೆ ಎಂಜಿನು ಆಯಿಲನ್ನೇ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರಾದರೆ ತಟ್ಟಿ ಧೂಳು ಉದುರಿಸಿ, ಹರಿದಿದ್ದರೆ ಬದಲಿಸಿ. ಫಿಲ್ಟರಿನಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆ ಬಿರಿದಿಲ್ಲವೇ ಎಂದು ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ; ಅದು ಬಿರಿದಿದ್ದರೆ ಫಿಲ್ಟರು ಇದ್ದೂ ಇಲ್ಲದಂತೆ. ಮಳೆಗಾಲ ಕಳೆದು ರಸ್ತೆ ಒಣಗಿದ ಮೇಲೆ ವಾರಕ್ಕೊಮ್ಮೆ ಈ ಕೆಲಸ ಇಟ್ಟುಕೊಂಡರೆ ಸಾಕು.